ಸರದಿಯಲ್ಲಿ ಅಡಗಿದ್ದ ಅಧಿಕಾರ

ಕಂಪ್ಯೂಟರ್‌ನಲ್ಲಿ ಪುಟ್ಟ ಸಮಾಜವೊಂದನ್ನು ಕಟ್ಟುವಾಗ, ಪ್ರತಿ ಏಜೆಂಟ್‌ಗೂ, ಅಂದರೆ ಅದರೊಳಗಿನ ಕಾಲ್ಪನಿಕ ವ್ಯಕ್ತಿಗೂ, ‘ಅಧಿಕಾರ’ ಎಂದು ಒಂದು ಅಂಕಿ ಕೊಟ್ಟದ್ದು ನನ್ನ ಮೊದಲ ತಪ್ಪು. ದೊಡ್ಡ ಅಂಕಿಯವನು ಸಣ್ಣ ಅಂಕಿಯವನನ್ನು ಆಳಿದ. ಬಿತ್ತಿದ್ದನ್ನೇ ಕೊಯ್ದು ಫಲಿತಾಂಶ ಎಂದು ಬೀಗಿದೆ.

ಅದನ್ನೆಲ್ಲ ಅಳಿಸಿ, ಅಮೆರಿಕದ ಸಂಶೋಧಕ ಜೋಶುವಾ ಎಪ್‌ಸ್ಟೈನ್ 2002ರಲ್ಲಿ ಪ್ರಕಟಿಸಿದ ನಾಗರಿಕ ದಂಗೆಯ ಮಾದರಿಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಚೌಕಗಳ ಹಾಸಿನ ಮೇಲೆ ಜನ ಮತ್ತು ಪೊಲೀಸರು, ಅಷ್ಟೇ. ಸಂಕಷ್ಟವನ್ನು ಆಡಳಿತದ ಮೇಲಿನ ಅಪನಂಬಿಕೆಯಿಂದ ಗುಣಿಸಿದರೆ ಅಸಮಾಧಾನ. ಅದರಲ್ಲಿ ಬಂಧನದ ಭಯವನ್ನು ಕಳೆದು ಉಳಿದದ್ದು 0.1 ದಾಟಿದರೆ ಬಂಡಾಯ.

ಒಬ್ಬನನ್ನೇ ಹಿಂಬಾಲಿಸಿ ನೋಡಿದೆ. ಸಂಕಷ್ಟ 0.9, ಅಪನಂಬಿಕೆ 0.2, ಅಸಮಾಧಾನ 0.18. ಸುತ್ತ ಪೊಲೀಸರಿಲ್ಲದಾಗ ಬಂಡಾಯಗಾರ. ಒಬ್ಬ ಪೊಲೀಸ್ ಕಣ್ಣಿಗೆ ಬಿದ್ದರೆ, ತಾನೊಬ್ಬನೇ ಇದ್ದಾಗ, ಸಿಕ್ಕಿಬೀಳುವ ಸಂಭವ 0.9, ಕೂಡಲೇ ಸಾಧು. ಅದೇ ಪೊಲೀಸನ ಎದುರು ತಾನೂ ಸೇರಿ ಹತ್ತು ಬಂಡಾಯಗಾರರಿದ್ದರೆ ಸಂಭವ ಸುಮಾರು 0.2. ಸಂಭವವನ್ನು ಅವನ ಅಳುಕಿನ ಪ್ರಮಾಣದಿಂದ (0.3) ಗುಣಿಸಿದರೆ ಭಯ. ಅದು 0.06ಕ್ಕೆ ಇಳಿದು ಮತ್ತೆ ತಲೆ ಎತ್ತುತ್ತಾನೆ. (‘ತಾನೂ ಸೇರಿ’ ಎಂಬುದನ್ನು ಕೋಡ್‌ನಲ್ಲಿ ಮರೆತು, ಸೊನ್ನೆಯಿಂದ ಭಾಗಿಸಿ, ಒಂದು ಸಂಜೆ ಹಾಳು ಮಾಡಿಕೊಂಡೆ.)

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬಂಡಾಯಗಾರರಲ್ಲಿ ಯಾವಾಗಲೂ ದೊಡ್ಡ ಕ್ರಮಸಂಖ್ಯೆಯವರೇ ಹೆಚ್ಚು. ಸೂತ್ರವನ್ನು ಮೂರು ಸಲ ತಿದ್ದಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಕ್ರಮಸಂಖ್ಯೆಗೆ ತಕ್ಕಂತೆ ಬಣ್ಣ ಹಚ್ಚಿ ನೋಡಿದಾಗ ಹೊಳೆಯಿತು: ಪ್ರತಿ ಸುತ್ತಿನಲ್ಲೂ ಎಲ್ಲರೂ ಪಟ್ಟಿಯ ಕ್ರಮದಲ್ಲೇ ಹೆಜ್ಜೆ ಇಡುತ್ತಿದ್ದರು. ಪಟ್ಟಿಯಲ್ಲಿ ಮೊದಲು ಪೊಲೀಸರು. ಅವರು ಬಂಧಿಸಿ ಮುಗಿಸಿದ ಮೇಲೆ ಮೊದಲ ಸಂಖ್ಯೆಯವರಿಗೆ ಕಾಣುತ್ತಿದ್ದದ್ದು ಖಾಲಿ ಬೀದಿ. ಕೊನೆಯವರಿಗೆ ಅದೇ ಸುತ್ತಿನಲ್ಲಿ ಎದ್ದವರ ಗುಂಪು. ನಾನು ಅಳಿಸಿಹಾಕಿದ್ದ ಅಧಿಕಾರ ಎಲ್ಲರನ್ನೂ ಒಬ್ಬರಾದ ಮೇಲೊಬ್ಬರಂತೆ ನಡೆಸುವ ಒಂದು ಸಾಲಿನ ಫಾರ್ ಲೂಪ್‌ನಲ್ಲಿ ಕುಳಿತಿತ್ತು! ಸರದಿಯನ್ನು ಪ್ರತಿ ಸುತ್ತಿಗೂ ಕಲೆಸಿದೆ. ಈಗ ಒಂದೇ ಓಟವನ್ನು ನಂಬುವುದಿಲ್ಲ. ಬೇರೆ ಬೇರೆ ಸೀಡ್‌ಗಳಲ್ಲಿ (ಯಾದೃಚ್ಛಿಕ ಸಂಖ್ಯೆಗಳ ಆರಂಭಬಿಂದುಗಳಲ್ಲಿ) ಕನಿಷ್ಠ ಮೂವತ್ತು ಸಲ ಓಡಿಸುತ್ತೇನೆ.

ಇಷ್ಟಾದ ಮೇಲೆ ಎಪ್‌ಸ್ಟೈನ್ ತೋರಿಸಿದ್ದ ವಿಚಿತ್ರ ನನ್ನ ಪರದೆಯಲ್ಲೂ ಕಂಡಿತು. ಆಡಳಿತದ ಮಾನ್ಯತೆಯನ್ನು (1ರಲ್ಲಿ ಇದನ್ನು ಕಳೆದರೆ ಉಳಿಯುವುದೇ ಅಪನಂಬಿಕೆ) ಸುತ್ತಿಗೆ 0.01ರಂತೆ ತಗ್ಗಿಸಿದರೆ ಅಂಚಿನಲ್ಲಿರುವವರು ಒಬ್ಬೊಬ್ಬರಾಗಿ ಎದ್ದು ಒಬ್ಬೊಬ್ಬರಾಗಿ ಜೈಲು ಸೇರುತ್ತಾರೆ. ಹಾಸು ತಣ್ಣಗೇ ಇರುತ್ತದೆ. ಒಮ್ಮೆಲೇ 0.9ರಿಂದ 0.7ಕ್ಕೆ ಕೆಡವಿದರೆ ಬಹಳ ಮಂದಿ ಒಟ್ಟಿಗೆ ಏಳುತ್ತಾರೆ, ಏಳುತ್ತಲೇ ಪಕ್ಕದವನ ಭಯವನ್ನೂ ಇಳಿಸುತ್ತಾರೆ.