ರಿಯಲ್ ಟೆನಿಸ್: ಚೇಸ್ ಗುರುತಿಸಲು ನಾನು ಕಲಿತ ಬಗೆ

ಚೆಂಡು ಎರಡನೇ ಸಲ ನೆಲಕ್ಕೆ ಬಿದ್ದರೆ ಲಾನ್ ಟೆನಿಸ್‌ನಲ್ಲಿ ಅಂಕ ಮುಗಿಯಿತು. ಅದರ ಹಿರಿಯಣ್ಣ, ಗೋಡೆಗಳ ನಡುವೆ ಆಡುವ ರಿಯಲ್ ಟೆನಿಸ್‌ನಲ್ಲಿ ಎಷ್ಟೋ ಸಲ ಲೆಕ್ಕ ಶುರುವಾಗುವುದೇ ಅಲ್ಲಿಂದ. ಎರಡನೇ ಪುಟಿತ ಎಲ್ಲಿ ಬಿತ್ತೆಂದು ಮಾರ್ಕರ್ (ಈ ಆಟದ ಅಂಪೈರ್) ನೋಡಿ ಕೂಗುತ್ತಾರೆ, ಅಂಕ ಬಾಕಿ ಉಳಿಯುತ್ತದೆ. ಇದೇ ಚೇಸ್. ಇಂಥ ಎರಡು ಚೇಸ್ ಆದಾಗ, ಅಥವಾ ಗೇಮ್ ಗೆಲ್ಲಲು ಒಂದೇ ಅಂಕ ಬೇಕಿರುವಾಗ ಒಂದಾದರೂ ಸಾಕು, ಆಟಗಾರರು ಬದಿ ಬದಲಿಸಿ ಆ ಬಾಕಿಯನ್ನು ಆಡಿ ತೀರಿಸುತ್ತಾರೆ.

ಮೆಲ್ಬರ್ನ್‌ಗೆ ಬಂದ ಮೇಲೆ ರಿಚ್‌ಮಂಡ್‌ನಲ್ಲಿರುವ ರಾಯಲ್ ಮೆಲ್ಬರ್ನ್ ಟೆನಿಸ್ ಕ್ಲಬ್‌ನಲ್ಲಿ ನಾನು ಈ ಆಟ ಕಲಿತೆ. ಈ ಆಟಕ್ಕೂ ವರ್ಷಕ್ಕೊಮ್ಮೆ ಪುರುಷರ ಮತ್ತು ಮಹಿಳೆಯರ ಆಸ್ಟ್ರೇಲಿಯನ್ ಓಪನ್ ಇದೆ. ಅದನ್ನು ಅರ್ಥವಾಗುವಂತೆ ನೋಡಬೇಕೆಂದು ಕ್ಲಬ್ ಪಂದ್ಯಗಳಲ್ಲಿ ಮಾರ್ಕರ್ ಕೆಲಸ ಅಭ್ಯಾಸ ಮಾಡಿದೆ.

ಕಷ್ಟ ಕಣ್ಣಿನದು. ಚೆಂಡನ್ನು ಬೆನ್ನಟ್ಟುವ ಆಟಗಾರನನ್ನೇ ನೋಡುವುದು ನಮ್ಮ ರೂಢಿ. ಆತನನ್ನು ಬಿಟ್ಟು ನೆಲದ ಗೆರೆಗಳಿಗೆ ಕಣ್ಣು ನೆಡಬೇಕು. ಹಿಂಗೋಡೆಯಿಂದ ಎರಡು ಗಜದ ಗೆರೆಯ ಮೇಲೆ ಬಿದ್ದರೆ ‘ಚೇಸ್ ಎರಡು’. ಅದಕ್ಕಿಂತ ತುಸು ಗೋಡೆಯ ಕಡೆಗಿದ್ದರೆ ‘ಎರಡಕ್ಕಿಂತ ಉತ್ತಮ’. ಗೋಡೆಗೆ ಹತ್ತಿರವಾದಷ್ಟೂ ಚೇಸ್ ಬಿಗಿ: ಬಾಕಿ ತೀರಿಸುವಾಗ ಎದುರಾಳಿ ಎರಡನೇ ಪುಟಿತವನ್ನು ಅದಕ್ಕಿಂತಲೂ ಗೋಡೆಗೆ ಹತ್ತಿರ ಬೀಳಿಸಬೇಕು. ಅಂಕ ಹೇಳುವಾಗಲೂ ಎಚ್ಚರ ಬೇಕು: ಸರ್ವ್ ಮಾಡುವವರದ್ದಲ್ಲ, ಕೊನೆಯ ಅಂಕ ಗೆದ್ದವರದ್ದು ಮೊದಲು.

ಇಷ್ಟು ಕೈವಶವಾದ ಮೇಲೆ ಟೂರ್ನಿ ಬೇರೆಯೇ ಆಗಿ ಕಂಡಿತು. ಕೆಳಸುತ್ತು ಕೊಟ್ಟು ಕತ್ತರಿಸಿದ ಹೊಡೆತಕ್ಕೆ ಚೆಂಡು ಗೋಡೆಗೆ ತಾಗಿ ಮೇಲೇಳದೆ ಬುಡದಲ್ಲೇ ಕುಸಿಯುತ್ತದೆ. ಬಿಗಿ ಚೇಸ್ ಹುಟ್ಟುವುದು ಹೀಗೆ. 1994ರಲ್ಲಿ ಮೊದಲ ಸಲ ವಿಶ್ವಪಟ್ಟ ಗೆದ್ದ ಹೋಬಾರ್ಟ್‌ನ ರಾಬರ್ಟ್ ಫಾಹಿ, 2011ರಲ್ಲಿ ಮಹಿಳೆಯರ ಪಟ್ಟ ಗೆದ್ದ ಕ್ಲೇರ್ ಫಾಹಿ ಅವರ ಆಟದಲ್ಲಿ ನಾನು ಹುಡುಕುವುದು ಈ ಹೊಡೆತವನ್ನೇ.

ಅದಕ್ಕಿಂತಲೂ ನನಗೆ ಪ್ರಿಯವಾದದ್ದು ಹೊಡೆಯದೆ ಬಿಡುವ ಕ್ಷಣ. ತನ್ನ ಚೇಸ್ ಕಾಪಾಡಿಕೊಳ್ಳುತ್ತಿರುವ ಆಟಗಾರ್ತಿಗೆ ಬಂದ ಚೆಂಡಿನ ಎರಡನೇ ಪುಟಿತ ಚೇಸ್‌ನ ಗೆರೆಗಿಂತ ಗೋಡೆಯಿಂದ ದೂರವೇ ಬೀಳುತ್ತದೆ ಎನಿಸಿದರೆ ಆಕೆ ರ‍್ಯಾಕೆಟ್ ಎತ್ತುವುದಿಲ್ಲ. ಎಣಿಕೆ ಸರಿಯಿದ್ದರೆ ಅಂಕ ಆಕೆಯದು, ತಪ್ಪಿದರೆ ಎದುರಾಳಿಯದು. ಇದನ್ನು ನೋಡಲು ಸರ್ವ್ ಬದಿಯ ಹಿಂಗೋಡೆಯಲ್ಲಿರುವ ಡೆಡಾನ್ಸ್ ಎಂಬ ಬಲೆ ಕಟ್ಟಿದ ಕಿಂಡಿಯೇ ಸರಿಯಾದ ಜಾಗ. ಗೆರೆಗಳು ಅಲ್ಲಿ ಕಣ್ಣೆದುರೇ ಇರುತ್ತವೆ. ಮಾರ್ಕರ್ ಕೂಗುವ ಮೊದಲೇ ಚೇಸ್ ಎಷ್ಟೆಂದು ನೀವೇ ಹೇಳಿಕೊಂಡು ನೋಡಿ.