ಡಿವೈಜಸ್‌ನಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ: ಹುಟ್ಟು ಹಾಕಿದ್ದು, ದುಡ್ಡು ಕೇಳಿದ್ದು

ಇಂಗ್ಲೆಂಡಿನಲ್ಲಿ ಈಸ್ಟರ್ ರಜೆ ಬಂತೆಂದರೆ ಒಂದು ದೋಣಿ ಸ್ಪರ್ಧೆ ಇರುತ್ತದೆ. ವಿಲ್ಟ್‌ಶೈರ್‌ನ ಡಿವೈಜಸ್ ಎಂಬ ಸಣ್ಣ ಊರಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆವರೆಗೆ 125 ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 200 ಕಿ.ಮೀ. ಮೊದಲ 54 ಮೈಲಿ ಕೆನೆಟ್ ಅಂಡ್ ಏವನ್ ಕಾಲುವೆ. ರೆಡಿಂಗ್‌ನಲ್ಲಿ ಅದು ಥೇಮ್ಸ್ ನದಿಯನ್ನು ಸೇರುತ್ತದೆ. ಕೊನೆಯ 17 ಮೈಲಿಯಲ್ಲಿ ಸಮುದ್ರದ ಉಬ್ಬರವಿಳಿತವೂ ಜೊತೆಗೆ. ದಾರಿಯಲ್ಲಿ 77 ಕಡೆ ದೋಣಿಯಿಂದ ಇಳಿದು, ಅದನ್ನು ಹೊತ್ತುಕೊಂಡು ದಡದ ಮೇಲೆ ಓಡಿ, ಮತ್ತೆ ನೀರಿಗೆ ಬಿಡಬೇಕು. ಗಟ್ಟಿಗರು ರಾತ್ರಿಯೂ ನಿಲ್ಲದೆ ಒಂದೇ ಬಾರಿಗೆ ಮುಗಿಸುತ್ತಾರೆ. ನಾನು ಮತ್ತು ಧಾರವಾಡದ ನನ್ನ ಗೆಳೆಯ ನಾಲ್ಕು ದಿನದ ವಿಭಾಗದಲ್ಲಿ ಹೋದೆವು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ, ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆಯ ಸಂಶೋಧನೆಗೆ ದುಡ್ಡು ಕೂಡಿಸುವುದು ಉದ್ದೇಶ.

ಈ ಸ್ಪರ್ಧೆ ಶುರುವಾದದ್ದೇ ದುಡ್ಡಿನ ಪಂಥದಿಂದ. ತಿನ್ನುವುದನ್ನೆಲ್ಲ ತಾವೇ ಹೊತ್ತುಕೊಂಡು 100 ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ಮುಟ್ಟಿದರೆ ಸ್ಕೌಟ್ ನಿಧಿಗೆ ಹಣ ಕೊಡುತ್ತೇವೆ ಅಂತ ಡಿವೈಜಸ್‌ನ ಜನ ತಮ್ಮೂರಿನ ರೋವರ್ ಸ್ಕೌಟ್ ಹುಡುಗರಿಗೆ ಹೇಳಿದ್ದರು. 1948ರ ಈಸ್ಟರ್‌ನಲ್ಲಿ ಅವರು 89 ಗಂಟೆ 50 ನಿಮಿಷದಲ್ಲಿ ಮುಟ್ಟಿಯೇ ಬಿಟ್ಟರು. ಹಾಗಾಗಿ ಇಲ್ಲಿ ಅಂಗಿಯ ಮೇಲೆ ಚಾರಿಟಿ ಹೆಸರು ಬರೆಸಿಕೊಂಡು ಬಂದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ನಾನು ಸಾಗರದ ಕಡೆಯವನು. ಅಪರೂಪದ ಕಾಯಿಲೆ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಮಧ್ಯದಲ್ಲಿ ನಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಆ ಊರಿನ ಹೆಸರೇ ನಿಂತುಬಿಟ್ಟಿತು. ಸೊಂಟದ, ಮಂಡಿಯ ಕೀಲು ಹಾಳಾಗಿ ನಡೆಯುತ್ತಿದ್ದವರು ತೆವಳುವಂತಾಗುತ್ತದೆ. ವಂಶದಲ್ಲಿ ಇಳಿದು ಬರುತ್ತದೆ. ಬಂದದ್ದೂ ಕೂಲಿ ಮಾಡಿ ಬದುಕುವ ಜನಕ್ಕೆ. ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಮಾತ್ರ ಇರುವ ಕಾಯಿಲೆಗೆ ಯಾವ ಕಂಪನಿ ಔಷಧ ಹುಡುಕುತ್ತದೆ ಹೇಳಿ? ಜಗತ್ತಿನಲ್ಲಿ ಇಂಥ ಕಾಯಿಲೆಗಳು ಸುಮಾರು 7,000 ಇವೆ ಅನ್ನುತ್ತಾರೆ. ಒಂದೊಂದಕ್ಕೂ ರೋಗಿಗಳು ಕಡಿಮೆ, ಹಾಗಾಗಿ ವ್ಯಾಪಾರವೂ ಕಡಿಮೆ. ಮೊದಲ ಹಂತದ ಸಂಶೋಧನೆಗೆ ದುಡ್ಡು ಬಹಳ ಸಲ ಅಪ್ಪ ಅಮ್ಮಂದಿರು ಕಟ್ಟಿದ ಸಂಸ್ಥೆಗಳಿಂದಲೇ ಬರಬೇಕು.

ಆ ಸಾಲಿನಲ್ಲಿ ಡುಶೆನ್ ಸ್ವಲ್ಪ ಹೆಚ್ಚು ಗೊತ್ತಿರುವ ಕಾಯಿಲೆ. ಹುಟ್ಟುವ 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಶಿವಮೊಗ್ಗದಲ್ಲಿರುವ ನನ್ನ ದೊಡ್ಡಪ್ಪನ ಮೊಮ್ಮಗನಿಗೆ ಇದೆ. ನೆಲದಿಂದ ಏಳುವಾಗ ಅವನು ತನ್ನ ತೊಡೆಯ ಮೇಲೆ ತಾನೇ ಕೈ ಊರಿಕೊಂಡು, ಒಂದೊಂದೇ ಗೇಣು ಮೇಲೆ ಸರಿಯುತ್ತಿದ್ದ. ಸೋಮಾರಿ ಅಂತ ನಾವೆಲ್ಲ ನಗುತ್ತಿದ್ದೆವು. ಆಮೇಲೆ ಗೊತ್ತಾಯಿತು, ಡಾಕ್ಟರುಗಳು ಮೊದಲು ನೋಡುವ ಲಕ್ಷಣವೇ ಅದು.

ಸ್ಪರ್ಧೆಯ ವಿಷಯ ಹೇಳಲು ಫೋನ್ ಮಾಡಿದಾಗ ಅವನ ಅಮ್ಮ, ನನ್ನ ಅತ್ತಿಗೆ, ಖುಷಿಪಟ್ಟರು. ಆದರೆ ಒಂದು ಮಾತು ಮೊದಲೇ ಹೇಳಿದರು. "ಅವನ ಫೋಟೊ ಮಾತ್ರ ಎಲ್ಲೂ ಹಾಕ್ಬೇಡ ಮಾರಾಯ. ನಾಳೆ ದೊಡ್ಡವನಾಗಿ ಅವನೇ ನೋಡ್ತಾನೆ. ಅಯ್ಯೋ ಪಾಪ ಅಂತ ಜನ ಬರ್ದಿರೋದನ್ನೂ ಓದ್ತಾನೆ."

ನಮ್ಮ ಕೆಲಸದ ದಾರಿ ಬದಲಾದದ್ದೇ ಈ ಮಾತಿನಿಂದ. ಇಂಟರ್ನೆಟ್ಟಿನಲ್ಲಿ ದುಡ್ಡು ಕೇಳುವ ಪುಟಗಳಲ್ಲಿ ಸಾಮಾನ್ಯವಾಗಿ ಮಗುವಿನ ಫೋಟೊ, ಆಸ್ಪತ್ರೆಯ ಹಾಸಿಗೆ, ಕಣ್ಣೀರು ಇರುತ್ತದೆ. ಅದೆಲ್ಲ ಬೇಡ ಅಂದಮೇಲೆ ಏನು ಬರೆಯುವುದು? ನನ್ನ ಗೆಳೆಯನೇ ದಾರಿ ತೋರಿಸಿದ. "ನಮ್ಮ ರಟ್ಟಿ ಬಗ್ಗೇನ ಬರಿಯೋಣಪಾ" ಅಂದ.

ಯೋಚಿಸಿದರೆ ಅವನು ಹೇಳಿದ್ದು ಸರಿ. ದಿನವಿಡೀ ಹುಟ್ಟು ಹಾಕಿದರೆ ಯಾರ ಸ್ನಾಯುವಿನಲ್ಲಾದರೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹರಕುಗಳಾಗುತ್ತವೆ. ವಿಶ್ರಾಂತಿ ಕೊಟ್ಟರೆ ದೇಹವೇ ರಿಪೇರಿ ಮಾಡಿಕೊಳ್ಳುತ್ತದೆ. ಸ್ನಾಯುವಿನ ಜೀವಕೋಶ ಎಳೆತ ತಡೆದುಕೊಳ್ಳುವುದಕ್ಕೆ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಬೇಕು. ಡುಶೆನ್ ಇರುವ ಮಕ್ಕಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಡೆದರೂ ಹರಕು, ಮೆಟ್ಟಿಲು ಇಳಿದರೂ ಹರಕು. ರಿಪೇರಿಗೆ ಪುರಸೊತ್ತೇ ಸಿಗುವುದಿಲ್ಲ. ಕ್ರಮೇಣ ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತದೆ. ಹೆಚ್ಚಿನ ಹುಡುಗರು ಸುಮಾರು 12ನೇ ವಯಸ್ಸಿನ ಹೊತ್ತಿಗೆ ಗಾಲಿಕುರ್ಚಿಗೆ ಬರುತ್ತಾರೆ. ಮುಂದೆ ಕೈ, ಉಸಿರಾಟ, ಹೃದಯ. ನಮ್ಮ ಪುಟದಲ್ಲಿ ಇಷ್ಟನ್ನೇ ಬರೆದೆವು. ಜೊತೆಗೆ ಹಾಕಿದ್ದು ಬೊಬ್ಬೆ ಎದ್ದ ನಮ್ಮ ಅಂಗೈಗಳ ಫೋಟೊ.

ದುಡ್ಡು ಯಾವುದಕ್ಕೆ ಅನ್ನುವುದನ್ನೂ ಬಿಡಿಸಿ ಹೇಳಿದೆವು. ಡಿಸ್ಟ್ರೊಫಿನ್ ಜೀನ್ ಮನುಷ್ಯರ ಜೀನ್‌ಗಳಲ್ಲೇ ಅತಿ ದೊಡ್ಡದು. ಅದರಲ್ಲಿ ಎಕ್ಸಾನ್ ಎಂಬ 79 ತುಂಡುಗಳಿವೆ. ಒಂದೆರಡು ತುಂಡು ತಪ್ಪಿಹೋಗಿ ಮುಂದಿನದು ಓದಲಾಗದಂತಾದರೆ ಪ್ರೋಟೀನ್ ತಯಾರಾಗುವುದಿಲ್ಲ. ಪಕ್ಕದ ಇನ್ನೊಂದು ತುಂಡನ್ನು ಬೇಕೆಂದೇ ಹಾರಿಸಿ ಓದಿಸಿದರೆ ಸ್ವಲ್ಪ ಗಿಡ್ಡವಾದರೂ ಕೆಲಸಕ್ಕೆ ಬರುವ ಪ್ರೋಟೀನ್ ಸಿಗಬಹುದು. ಇದು ಎಕ್ಸಾನ್ ಸ್ಕಿಪ್ಪಿಂಗ್. ಇದೊಂದು ದಾರಿ. ಇನ್ನೊಂದು ದಾರಿ ಜೀನ್ ಥೆರಪಿ, ಅಂದರೆ ಕೆಲಸ ಮಾಡುವ ಜೀನನ್ನೇ ದೇಹದೊಳಗೆ ಸೇರಿಸುವುದು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಅಂಥದೊಂದು ಚಿಕಿತ್ಸೆಗೆ 32 ಲಕ್ಷ ಡಾಲರ್ ಬೆಲೆ ಇಟ್ಟರು. ರೂಪಾಯಿಯಲ್ಲಿ 25 ಕೋಟಿ ದಾಟುತ್ತದೆ. ಭಾರತದ ಅಪರೂಪದ ಕಾಯಿಲೆಗಳ ನೀತಿ 2021ರಲ್ಲಿ ಬಂತು. ಮರುವರ್ಷದ ತಿದ್ದುಪಡಿಯಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಅಂತಾಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಗ್ಗದ ದಾರಿ ಹುಡುಕುವ ಸಂಶೋಧನೆ ಯಾಕೆ ಬೇಕು ಅಂತ ಮತ್ತೆ ವಿವರಿಸುವ ಅಗತ್ಯ ಇಲ್ಲ ಅಲ್ವಾ?

ಇನ್ನು ದುಡ್ಡು ಕೇಳುವ ಪ್ರಸಂಗ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ ಕೂತರೆ ಕೈ ಮುಗಿದ ಚಿತ್ರ, ಚಪ್ಪಾಳೆ ಚಿತ್ರ ಬೇಕಾದಷ್ಟು ಬರುತ್ತವೆ. ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆದಾಗ, ಎದುರಿಗೆ ಕೂತು ಹೇಳಿದಾಗ ಬಂತು. ಸಂಕೋಚ ಆಗುತ್ತದೆ. ನಮ್ಮ ಕಡೆ ಸಾಲ ಕೇಳುವುದಕ್ಕೇ ಮುಖ ಬಾಡುತ್ತದೆ, ಇನ್ನು ದಾನ! ಈಸ್ಟರ್‌ಗೆ ಸ್ವಲ್ಪ ಮುಂಚೆ ಯುಗಾದಿ ಬಂದದ್ದು ಅನುಕೂಲವಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಕನ್ನಡ ಕೂಟದ ಹಬ್ಬದಲ್ಲಿ ನನ್ನ ಹೆಂಡತಿ ಒಬ್ಬಟ್ಟು ಮಾಡಿಟ್ಟಳು. ಬೆಲೆ ಬರೆಯಲಿಲ್ಲ, ಡಬ್ಬಿ ಇಟ್ಟಳು. ಬೆಲೆ ಬರೆದಿದ್ದರೆ ಅಷ್ಟು ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಕೊಡುವಾಗ 'ಗಿಫ್ಟ್ ಏಡ್' ಗುರುತು ಹಾಕಿದರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಚಾರಿಟಿಗೆ ಸೇರುತ್ತದೆ. ಕೊಡುವವರಿಗೆ ಹೆಚ್ಚು ಖರ್ಚಿಲ್ಲ. ಆದರೂ ಎಷ್ಟೋ ಜನ ಆ ಗುರುತು ಹಾಕದೇ ಮುಂದೆ ಹೋಗಿಬಿಡುತ್ತಾರೆ. ಫೋನಿನಲ್ಲೇ ನೆನಪಿಸಬೇಕು. ನೌಕರ ಕೂಡಿಸಿದಷ್ಟನ್ನೇ ತಾವೂ ಕೊಡುವ ಕಂಪನಿಗಳಿವೆ. ನನ್ನ ಕಂಪನಿಯಲ್ಲಿ ಆ ಫಾರಂ ಮೂರು ಮೇಜು ಸುತ್ತಿ ಬರುವಷ್ಟರಲ್ಲಿ ಬೇಸಿಗೆ ಬಂದಿತ್ತು. ಬಂತಲ್ಲ, ಬಿಡಿ.

ಊರಿನಿಂದ ಒಂದು ಪ್ರಶ್ನೆ ಬರುತ್ತಲೇ ಇತ್ತು. "ಇಲ್ಲಿನ ಮಕ್ಕಳಿಗೆ ಕೊಡೋದು ಬಿಟ್ಟು ಅಲ್ಲಿಗೆ ಯಾಕೋ?" ಕೇಳುವುದರಲ್ಲಿ ತಪ್ಪೇನಿಲ್ಲ. ಲ್ಯಾಬಿನಲ್ಲಿ ಸಿಕ್ಕ ಉತ್ತರ ಯಾವ ದೇಶದ ಹುಡುಗನಿಗಾದರೂ ಬರುತ್ತದೆ ಅಂತ ನಾನು ಹೇಳುತ್ತಿದ್ದೆ. ಜೊತೆಗೆ ಬೆಂಗಳೂರಿನಲ್ಲೇ ಪೋಷಕರು ಸೇರಿ ಕಟ್ಟಿದ ಡಿಸ್ಟ್ರೊಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್ ಇದೆ. ಅವರೂ ಎಕ್ಸಾನ್ ಸ್ಕಿಪ್ಪಿಂಗ್ ಮೇಲೇ ಕೆಲಸ ಮಾಡುತ್ತಾರೆ. ಊರಿನವರಿಗೆ ನೇರ ಅಲ್ಲಿಗೇ ಕೊಡಿ ಅಂದೆ. ನಮ್ಮ ಪುಟದ ಲೆಕ್ಕ ಜಾಸ್ತಿ ಕಾಣಿಸಲಿ ಎಂಬ ಆಸೆ ಬಿಟ್ಟರೆ ಇದು ಸುಲಭ. ಇನ್ನೊಂದು ವಿಷಯದಲ್ಲಿ ನಾವು ಹಟ ಹಿಡಿದಿದ್ದೆವು. ದೋಣಿ ಬಾಡಿಗೆ, ಪ್ರವೇಶ ಶುಲ್ಕ, ಪೆಟ್ರೋಲು ಎಲ್ಲ ನಮ್ಮ ಜೇಬಿನಿಂದ. ಕೊಟ್ಟ ದುಡ್ಡು ನೇರವಾಗಿ ಚಾರಿಟಿಗೆ. ಇದನ್ನು ಪುಟದ ಮೊದಲ ಸಾಲಿನಲ್ಲೇ ಬರೆದಿದ್ದೆವು.

ಈಗ ದೋಣಿ. ಹೆಚ್ಚಿನವರು ಎರಡು ಅಲಗಿನ ಹುಟ್ಟು ಹಾಕುವ, ಮೇಲೆ ಮುಚ್ಚಿದ ಕಯಾಕ್ ದೋಣಿಯಲ್ಲಿ ಹೋಗುತ್ತಾರೆ. ನಾವು ಇಬ್ಬರ ತೆರೆದ ಕನೂ ಆರಿಸಿಕೊಂಡೆವು. ಒಬ್ಬೊಬ್ಬರಿಗೂ ಒಂದೇ ಅಲಗಿನ ಹುಟ್ಟು. ಮುಂದೆ ಕೂತ ಗೆಳೆಯ ಲಯ ಹಿಡಿಯುತ್ತಾನೆ, ಹಿಂದೆ ಕೂತ ನಾನು ದಿಕ್ಕು ನೋಡುತ್ತೇನೆ. ಎಂಟು ಹತ್ತು ಸಲ ಎಳೆದ ಮೇಲೆ ಇಬ್ಬರೂ ಒಟ್ಟಿಗೆ ಬದಿ ಬದಲಿಸಬೇಕು. ಅದಕ್ಕೆ ಇಲ್ಲಿಯವರು "ಹಟ್" ಅಂತ ಕೂಗುತ್ತಾರೆ. ನಾವು "ಹೂಂ" ಅಂತಿದ್ದೆವು. ಶರಾವತಿ ಹಿನ್ನೀರಿನ ಲಾಂಚು ಬಿಟ್ಟರೆ ನನಗೆ ನೀರಿನ ಅಭ್ಯಾಸ ಇರಲಿಲ್ಲ. ಧಾರವಾಡದವನಿಗಂತೂ ಕೆರೆಯೇ ಸಮುದ್ರ. ಒಂದು ಕ್ಲಬ್ ಸೇರಿ ಚಳಿಗಾಲವಿಡೀ ಕಲಿತೆವು. ವಾಟರ್‌ಸೈಡ್ ಸರಣಿ ಅಂತ ಪೂರ್ವಭಾವಿ ಸ್ಪರ್ಧೆಗಳಿವೆ. ಅದರ ಕೊನೆಯದು ಡಿವೈಜಸ್‌ನಿಂದ ನ್ಯೂಬರಿಗೆ 34 ಮೈಲಿ, ಮುಖ್ಯ ಸ್ಪರ್ಧೆಯ ಮೊದಲ ದಿನದ್ದೇ ದಾರಿ. ಅದನ್ನು ಮಾಡದೆ ಯಾರೂ ಹೋಗಬೇಡಿ.

ಮೊದಲ 15 ಮೈಲಿ ಒಂದೂ ಲಾಕ್ ಇಲ್ಲ. ಮೈ ಮರೆಯುವಷ್ಟು ಆರಾಮ. ಆಮೇಲೆ ವೂಟನ್ ರಿವರ್ಸ್‌ನಲ್ಲಿ ಶುರು. ಲಾಕ್ ಅಂದರೆ ಕಾಲುವೆಯ ಮಟ್ಟ ಏರುವ, ಇಳಿಯುವ ಕಡೆ ಗೇಟು ಹಾಕಿ ಕಟ್ಟಿದ ತೊಟ್ಟಿ. ದೊಡ್ಡ ದೋಣಿಗಳು ಒಳಗೆ ನಿಂತು, ನೀರು ತುಂಬಿಸಿಯೋ ಖಾಲಿ ಮಾಡಿಯೋ ದಾಟುತ್ತವೆ. ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶ ಇಲ್ಲ, ಹೊತ್ತೇ ದಾಟಬೇಕು. ವಿಡಿಯೊ ಕಾಲ್‌ನಲ್ಲಿ ಇದನ್ನು ಕೇಳಿದ ಶಿವಮೊಗ್ಗದ ಹುಡುಗನಿಗೆ ಸಿಟ್ಟೇ ಬಂತು. "ಗೇಟಿರೋದೇ ದೋಣಿ ದಾಟ್ಲಿ ಅಂತ ಅಲ್ವಾ ಚಿಕ್ಕಪ್ಪ? ಸರಿಯಿಲ್ಲ ನಿಮ್ ರೂಲ್ಸು."

ಹೊರುವುದಕ್ಕೂ ಒಂದು ಕ್ರಮ ಇದೆ. ದೋಣಿ ದಡಕ್ಕೆ ತಾಗುವ ಮುಂಚೆಯೇ ಮುಂದಿನವನು ಒಂದು ಕೈಯಲ್ಲಿ ದಡ ಹಿಡಿದು ಜಿಗಿಯುತ್ತಾನೆ. ಹಿಂದಿನವನು ಇಳಿಯುವವರೆಗೂ ದೋಣಿ ಬಿಡುವ ಹಾಗಿಲ್ಲ. ಎತ್ತಿ, ಓರೆ ಮಾಡಿ, ನೀರು ಚೆಲ್ಲಿ, ಓಡು. ಕ್ರಾಫ್ಟನ್‌ನಲ್ಲಿ ಒಂದರ ಹಿಂದೆ ಒಂದು ಒಂಬತ್ತು ಲಾಕ್. ಅಲ್ಲಿ ಪ್ರತಿ ಸಲ ಇಳಿಸಿ ಹತ್ತುವುದಕ್ಕಿಂತ ಹೊತ್ತುಕೊಂಡೇ ಒಂದಷ್ಟು ದೂರ ಓಡುವುದು ವಾಸಿ. ಕಾಲುವೆ ನೀರಿನಿಂದ ಇಲಿ ಜ್ವರ ಬರುವ ಭಯ ಇದೆ. ಕೈಯ ಪ್ರತಿ ಗಾಯಕ್ಕೂ ಟೇಪು ಸುತ್ತಿ, ತೊಳೆಯದ ಕೈಯಲ್ಲಿ ತಿನ್ನುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೆವು.

ಹಾಗಾದರೆ ತಿನ್ನುವುದು ಹೇಗೆ? ಇದರ ಪೂರ್ತಿ ಶ್ರೇಯಸ್ಸು ನನ್ನ ಹೆಂಡತಿಗೆ. ಅವಳೂ ಗೆಳೆಯನ ತಮ್ಮನೂ ಕಾರಿನಲ್ಲಿ ಲಾಕಿನಿಂದ ಲಾಕಿಗೆ ಬರುತ್ತಿದ್ದರು. ಅನ್ನ ಚೆನ್ನಾಗಿ ಮುದ್ದೆ ಮಾಡಿ, ಮೊಸರು, ಉಪ್ಪು, ಶುಂಠಿ ಸೇರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ ಬಾಯಿಗೇ ಹಿಂಡುತ್ತಿದ್ದಳು. ಒಗ್ಗರಣೆಯ ಸಾಸಿವೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಕಬಾರದು. ಸಿಹಿಯಾದ ಎನರ್ಜಿ ಜೆಲ್ ಮಧ್ಯಾಹ್ನದ ಹೊತ್ತಿಗೆ ವಾಕರಿಕೆ ತರಿಸುತ್ತದೆ. ಮೊಸರನ್ನ ಕೊನೆವರೆಗೂ ಒಗ್ಗಿತು. ಪಕ್ಕದ ಇಂಗ್ಲಿಷ್ ತಂಡದವರು ಒಂದು ಚೀಲ ಕೇಳಿ ತಿಂದರು.

ಎರಡನೇ ದಿನ ರೆಡಿಂಗ್ ದಾಟಿ ಥೇಮ್ಸ್‌ಗೆ ಬಂದಾಗ ದೋಣಿಯ ಕೆಳಗೆ ನೀರು ತಾನೇ ಹೊತ್ತೊಯ್ಯುವುದು ಗೊತ್ತಾಗುತ್ತದೆ. ಹೆನ್ಲಿ, ಮಾರ್ಲೊ, ಮೇಡನ್‌ಹೆಡ್, ವಿಂಡ್ಸರ್. ನೋಡಲು ಚಂದ. ನಾನು ನೋಡಿದ್ದು ಹೆಚ್ಚಾಗಿ ಗೆಳೆಯನ ಬೆನ್ನು. ಹರಿವಿದ್ದರೆ ಹಿತ, ಆದರೆ ಅಣೆಕಟ್ಟಿನ ಕಡೆ ಎಳೆಯುವುದೂ ಅದೇ ಹರಿವು. ಹೊಳೆ ತುಂಬಿದ್ದಾಗ ಲಾಕುಗಳ ಬಳಿ ಹಳದಿ, ಕೆಂಪು ಫಲಕ ಹಾಕುತ್ತಾರೆ. ಮೂರನೇ ದಿನ ಬೆಳಿಗ್ಗೆ ಮಾರ್ಲೊದಲ್ಲಿ ಡೇರೆಯ ಜಿಪ್ ಎಳೆಯಲು ಬೆರಳು ಮಡಚಲಿಲ್ಲ. ಹಲ್ಲಿನಿಂದ ಎಳೆದೆ. ಮಧ್ಯಾಹ್ನದ ಹೊತ್ತಿಗೆ ಕೈ ಮತ್ತೆ ಬಂತು. ರಿಪೇರಿಯ ಬಗ್ಗೆ ಪುಟದಲ್ಲಿ ಬರೆದದ್ದು ನೆನಪಾಗಿ, ಗೆಳೆಯನಿಗೆ ಹೇಳಿದೆ. ಅವನು ತಿರುಗಿ ನೋಡಲಿಲ್ಲ. "ಹೂಂ" ಅಂದ. ಬದಿ ಬದಲಿಸಿದೆವು.

ನಾಲ್ಕನೇ ದಿನ ಹೊರಡುವ ಹೊತ್ತು ನಮ್ಮ ಕೈಯಲ್ಲಿಲ್ಲ. ಟೆಡಿಂಗ್ಟನ್ ಲಾಕ್‌ವರೆಗೆ ಸಮುದ್ರದ ಉಬ್ಬರ ಬರುತ್ತದೆ. ಇಳಿತ ಶುರುವಾದಾಗ ಹೊರಟರೆ ನೀರೇ ಲಂಡನ್ನಿಗೆ ಒಯ್ಯುತ್ತದೆ. ತಪ್ಪಿದರೆ ಎದುರು ನೀರಿನಲ್ಲಿ ನಿಂತಲ್ಲೇ ನಿಲ್ಲಬೇಕು. ನಮ್ಮ ವರ್ಷ ಕತ್ತಲಲ್ಲೇ ಎದ್ದು ಹ್ಯಾಮ್‌ನಿಂದ ಹೊರಟೆವು. ಪಟ್ನಿಯ ಆಚೆ ನದಿಯ ಎರಡೂ ಬದಿ ಕಲ್ಲುಗೋಡೆ. ದೊಡ್ಡ ಬೋಟು ಹೋದರೆ ಅದರ ಅಲೆ ಗೋಡೆಗೆ ಬಡಿದು ವಾಪಸ್ ಬಂದು ಇನ್ನೊಂದು ಬದಿಯಿಂದ ಹೊಡೆಯುತ್ತದೆ. ತೆರೆದ ಕನೂಗೆ ಇದು ಒಳ್ಳೆಯದಲ್ಲ. ವೇಗ ಮರೆತು, ಮಂಡಿಯೂರಿ, ನೀರು ಚೆಲ್ಲುತ್ತಾ ಹೋದೆವು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಪಕ್ಕದ ಮೆಟ್ಟಿಲ ಬಳಿ ಯಾರೋ ತೋಳು ಹಿಡಿದು ಎತ್ತಿದರು. ಪದಕ ಕೊಟ್ಟರು. ಹೆಂಡತಿ ಬಿಸಿ ಕಾಫಿ ಕೊಟ್ಟಳು.

ಮುಗಿದ ವಾರವೇ ಕೊಟ್ಟವರಿಗೆಲ್ಲ ಹೆಸರು ಹಿಡಿದು ಬರೆದೆ. ಕೊಡುತ್ತೇನೆ ಅಂದು ಮರೆತವರಿಗೂ ಬರೆದೆ. ಎಷ್ಟೋ ದುಡ್ಡು ಬಂದದ್ದು ಆಗಲೇ. ಪುಟ ತಕ್ಷಣ ಮುಚ್ಚಬೇಡಿ ಅಂತ ಹೇಳುವುದು ಇದಕ್ಕೇ. ಗೆಳೆಯನಿಗೆ ಈಗ ರಾತ್ರಿಯೂ ನಿಲ್ಲದೆ ಹೋಗುವ ವಿಭಾಗದ ಹುಚ್ಚು ಹಿಡಿದಿದೆ. "ಬರ್ತೀಯೇನಪಾ?" ಅಂತ ಕೇಳುತ್ತಿರುತ್ತಾನೆ. ಕಾರು ಓಡಿಸಿ ಮೊಸರನ್ನ ಹಿಂಡುವ ಕೆಲಸಕ್ಕೆ ಬರುತ್ತೇನೆ ಅಂದಿದ್ದೇನೆ. ಹೆಂಡತಿಯ ಹತ್ತಿರ ಅಳತೆ ಕೇಳಿ ಬರೆದುಕೊಳ್ಳಬೇಕು.