ಸೇನಾ ಅಪ್ರೆಂಟಿಸ್ ಗೆಳೆಯರ ಕೂಟ ಮಾಡುವವರಿಗೆ ಒಂದು ಸಲಹೆ

ಹಳೇ ಜೊತೆಗಾರರನ್ನು ಹೆಸರು ಹಿಡಿದು ಹುಡುಕಬೇಡಿ, ಬ್ಯಾಚ್ ನಂಬರ್ ಹಿಡಿದು ಹುಡುಕಿ. ಬ್ರಿಟನ್ನಿನ ಹಾಲ್ಟನ್‌ನಲ್ಲಿ 1922ರಿಂದ 1993ರವರೆಗೆ ವಾಯುಪಡೆಯ ಅಪ್ರೆಂಟಿಸ್‌ಗಳು ತರಬೇತಿ ಪಡೆದರು. ಅಲ್ಲಿ ಪ್ರತಿ ತಂಡಕ್ಕೂ ಒಂದು 'ಎಂಟ್ರಿ' ನಂಬರ್ ಇತ್ತು. ಹದಿಹರೆಯದಲ್ಲಿ ಸೇರಿದ ಹುಡುಗರಿಗೆ ಎಷ್ಟು ವರ್ಷ ಕಳೆದರೂ ಅದು ಮರೆಯುವುದಿಲ್ಲ. ಜೊತೆಗಾರನ ಪೂರ್ತಿ ಹೆಸರು ಮಾತ್ರ ಎಷ್ಟೋ ಸಲ ನೆನಪಿರುವುದಿಲ್ಲ, ಅಡ್ಡಹೆಸರಷ್ಟೇ ಗೊತ್ತಿರುತ್ತದೆ, ಅಲ್ವಾ?

ಹಾಗಾಗಿ ತರಬೇತಿ ಮುಗಿದಾಗ ತೆಗೆಸಿದ ಗ್ರೂಪ್ ಫೋಟೋ ಸ್ಕ್ಯಾನ್ ಮಾಡಿ, ಪ್ರತಿ ಮುಖದ ಮೇಲೂ ಒಂದು ಸಂಖ್ಯೆ ಬರೆದು ಎಲ್ಲರಿಗೂ ಕಳಿಸಿ. "ಹಿಂದಿನ ಸಾಲಿನ 14 ಯಾರು?" ಅಂತ ಕೇಳಿದರೆ ಸಾಕು, ಒಬ್ಬರಲ್ಲ ಒಬ್ಬರು ಹೇಳುತ್ತಾರೆ, ಅವರ ಊರೂ ಸಿಗುತ್ತದೆ, ಆ ಊರಿಂದ ಇನ್ನಿಬ್ಬರ ಸುಳಿವೂ ಸಿಗುತ್ತದೆ.

ಫೋನ್ ಮಾಡುವ ಮೊದಲು ಅವರು ಬದುಕಿದ್ದಾರಾ ಅಂತ ಹತ್ತಿರದವರಲ್ಲಿ ವಿಚಾರಿಸಿ. ಇಲ್ಲವೆಂದು ತಿಳಿದರೆ ಅವರ ಮನೆಯವರನ್ನು ಖಂಡಿತ ಕರೆಯಿರಿ. ಹದಿನಾರರ ವಯಸ್ಸಿನ ಅಪ್ಪನ ಬಗ್ಗೆ ಮಕ್ಕಳಿಗೆ ಹೇಳಬಲ್ಲವರು ಈ ಗೆಳೆಯರು ಮಾತ್ರ.

ಕೂಟದಲ್ಲಿ ಜೋರು ಸಂಗೀತ ಬೇಡವೇ ಬೇಡ. ಎಂಜಿನ್ ಸದ್ದಿನ ನಡುವೆ ಕೆಲಸ ಮಾಡಿದವರಲ್ಲಿ ತುಂಬಾ ಜನರಿಗೆ ಕಿವಿ ಮಂದವಾಗಿರುತ್ತದೆ, ಅವರು ಬಂದಿರುವುದೇ ಮಾತಾಡೋಕೆ. ರ‍್ಯಾಂಕ್ ನೋಡಿ ಕೂರಿಸಬೇಡಿ, ಒಂದೇ ಬ್ಯಾರಕ್‌ನಲ್ಲಿ ಮಲಗಿದ್ದವರನ್ನು ಒಂದೇ ಟೇಬಲ್‌ಗೆ ಹಾಕಿ. ಬ್ಯಾಡ್ಜ್ ಮೇಲೆ ಹೆಸರಿನ ಜೊತೆ ಅಡ್ಡಹೆಸರೂ ದೊಡ್ಡ ಅಕ್ಷರದಲ್ಲಿ ಇರಲಿ.

ಹಳೇ ತರಬೇತಿ ಕೇಂದ್ರಕ್ಕೆ ಹೋಗುವುದಿದ್ದರೆ ಅನುಮತಿಗೆ ತಿಂಗಳುಗಟ್ಟಲೆ ಮುಂಚೆಯೇ ಬರೆಯಿರಿ.